ಪಿಕಪ್‌ನ ಬುಲ್ ಬಾರ್ ಬೇರೆ, ಹೆಚ್ಚುವರಿ ದೀಪ ಬೇರೆ: ಒಂದೇ ದಂಡದಲ್ಲಿ ಕಲಸಿಹೋದ ಎರಡು ಪ್ರಶ್ನೆಗಳು

ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ವಿರುದ್ಧ 2024ರ ಜುಲೈನಲ್ಲಿ ರಾಜ್ಯದ ಪೊಲೀಸರು ಕಾರ್ಯಾಚರಣೆ ಆರಂಭಿಸಿದಾಗ ಎದ್ದ ಗೊಂದಲ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಪಿಕಪ್ ಮಾಲೀಕರಲ್ಲಿ ಇನ್ನೂ ತಿಳಿಯಾಗಿಲ್ಲ. ತಪಾಸಣೆಯ ಸುದ್ದಿ ಬಂದಾಗಲೆಲ್ಲ ಅದೇ ಪ್ರಶ್ನೆಗಳು ಮತ್ತೆ ಏಳುತ್ತವೆ. ಅಂಗಡಿಯಲ್ಲಿ ಬಿಲ್ಲು ಹಾಕಿ ರಾಜಾರೋಷವಾಗಿ ಮಾರುವ ವಸ್ತುವನ್ನು ಗಾಡಿಗೆ ಕೂಡಿಸಿದರೆ ಅಪರಾಧ ಹೇಗಾಗುತ್ತದೆ? ಅದೇ ಗಾಡಿಗೆ ಒಂದು ಕಡೆ 500 ರೂಪಾಯಿ ದಂಡವಾದರೆ ಇನ್ನೊಂದು ಕಡೆ 5,000 ರೂಪಾಯಿ ಎಂದು ಏಕೆ ಹೇಳುತ್ತಾರೆ? ಕಂಪನಿಯಿಂದಲೇ ಬಂದ ಫಾಗ್ ಲೈಟಿಗೂ ದಂಡ ಬೀಳುತ್ತದೆಯೇ?

ಗೊಂದಲಕ್ಕೆ ಮುಖ್ಯ ಕಾರಣವೆಂದರೆ ಮುಂಭಾಗದ ಕಬ್ಬಿಣದ ಗಾರ್ಡ್ (ಬುಲ್ ಬಾರ್) ಮತ್ತು ಅದರ ಮೇಲೆ ಕೂಡಿಸಿದ ದೀಪಗಳನ್ನು ಮಾಲೀಕರೂ ಗ್ಯಾರೇಜಿನವರೂ ಹಲವು ಸಲ ತಪಾಸಣೆ ಮಾಡುವವರೂ ಒಂದೇ ಸಾಮಾನೆಂದು ನೋಡುವುದು. ಕಾನೂನಿನಲ್ಲಿ ಅವೆರಡಕ್ಕೂ ಬೇರೆ ಬೇರೆ ಕಲಮುಗಳಿವೆ. ಅವು ಉಂಟುಮಾಡುವ ಅಪಾಯವೂ ಬೇರೆ, ಅವುಗಳ ಹಿಂದಿರುವ ಅಗತ್ಯವೂ ಬೇರೆ. ಹೀಗಾಗಿ ಒಂದೊಂದನ್ನೇ ಬಿಡಿಸಿ ನೋಡಬೇಕಾಗುತ್ತದೆ.

ಬೇಡಿಕೆ ಹುಟ್ಟುವುದು ಎಲ್ಲಿಂದ

ಈ ಭಾಗದಲ್ಲಿ ಗಾರ್ಡ್ ಮತ್ತು ದೀಪ ಹಾಕಿಸುವುದನ್ನು ಬರೀ ಶೋಕಿ ಎಂದು ತಳ್ಳಿಹಾಕುವುದು ಸರಿಯಲ್ಲ. ಬೀದರ್‌ನಿಂದ ಹುಮನಾಬಾದ್, ಕಲಬುರಗಿ, ಜೇವರ್ಗಿ ಮಾರ್ಗವಾಗಿ ವಿಜಯಪುರದತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 50 ಮತ್ತು ಹುಮನಾಬಾದ್‌ನಲ್ಲಿ ಅದನ್ನು ದಾಟುವ ಸೊಲ್ಲಾಪುರ–ಹೈದರಾಬಾದ್ ನಡುವಿನ ಹೆದ್ದಾರಿ 65ರಲ್ಲಿ ರಾತ್ರಿಯಿಡೀ ಸರಕು ಸಾಗುತ್ತದೆ. ತರಕಾರಿ, ಹಾಲು, ಕೋಳಿ, ತೊಗರಿ ಚೀಲ ಹೊತ್ತ ಬೊಲೆರೊ ಪಿಕಪ್, ಟಾಟಾ ಯೋಧ, ದೋಸ್ತ್‌ನಂಥ ಗಾಡಿಗಳು ಬೆಳಗಾಗುವುದರೊಳಗೆ ಗಂಜ್ ಅಥವಾ ಪಕ್ಕದ ರಾಜ್ಯದ ಮಾರುಕಟ್ಟೆ ಮುಟ್ಟಬೇಕಾಗಿರುತ್ತದೆ. ಹೆದ್ದಾರಿ ಬಿಟ್ಟು ಊರಿನ ದಾರಿ ಹಿಡಿದರೆ ಬೀದಿದೀಪವಿಲ್ಲ, ರಸ್ತೆಯ ಅಂಚಿಗೆ ಬಿಳಿ ಗೆರೆಯೂ ಇಲ್ಲ. ದನ, ಎಮ್ಮೆ, ಹಂದಿ ಯಾವ ಕ್ಷಣದಲ್ಲಾದರೂ ಅಡ್ಡ ಬರಬಹುದು. ಕಬ್ಬು ಅರೆಯುವ ಹಂಗಾಮಿನಲ್ಲಿ ಬೀದರ್ ಜಿಲ್ಲೆಯ ರಸ್ತೆಗಳಲ್ಲಿ ಹಿಂದೆ ಕೆಂಪು ದೀಪವಾಗಲಿ, ಪ್ರತಿಫಲಕ ಪಟ್ಟಿಯಾಗಲಿ ಇಲ್ಲದ ಟ್ರೇಲರ್‌ಗಳು ಕತ್ತಲಲ್ಲಿ ಕಾಣುವುದೇ ಇಲ್ಲ. ತೊಗರಿ ರಾಶಿಯ ಕಾಲಕ್ಕೆ ರಸ್ತೆಯ ಒಂದು ಬದಿಯನ್ನು ಕಣವಾಗಿ ಬಳಸುವ ರೂಢಿಯೂ ಇದೆ.

ಇಂಥ ದಾರಿಯಲ್ಲಿ ದುಡಿಯುವ ಚಾಲಕನಿಗೆ ಎರಡು ಭಯಗಳಿರುತ್ತವೆ. ಮುಂದಿರುವುದು ಕಾಣದೇ ಹೋದೀತೆಂಬುದು ಒಂದು, ಕಾಣುವ ಹೊತ್ತಿಗೆ ಡಿಕ್ಕಿ ತಪ್ಪದೇ ಹೋದೀತೆಂಬುದು ಇನ್ನೊಂದು. ಮೊದಲನೆಯದಕ್ಕೆ ದೀಪ, ಎರಡನೆಯದಕ್ಕೆ ಗಾರ್ಡ್ ಎಂದು ಅವನು ಲೆಕ್ಕ ಹಾಕುತ್ತಾನೆ. ಮೊದಲ ಲೆಕ್ಕದಲ್ಲಿ ಹುರುಳಿದೆ. ಎರಡನೆಯದು ಹೊರನೋಟಕ್ಕೆ ಸರಿಯೆನಿಸಿದರೂ ಡಿಕ್ಕಿಯ ಹೊತ್ತಿನಲ್ಲಿ ತಲೆಕೆಳಗಾಗುತ್ತದೆ.

ಗಾರ್ಡ್ ಬಗ್ಗೆ ಕಾನೂನಿನ ನಿಲುವು

ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮಿನ ಪ್ರಕಾರ, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೆ ನೋಂದಣಿ ಪತ್ರದ ವಿವರಗಳು ಹೊಂದದೇ ಹೋಗುವಂತೆ ವಾಹನವನ್ನು ಮಾರ್ಪಡಿಸಲು ಮಾಲೀಕನಿಗೆ ಅಧಿಕಾರವಿಲ್ಲ. ಇದೇ ಕಲಮನ್ನು ಆಧರಿಸಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲಿ ಎಲ್ಲ ರಾಜ್ಯಗಳಿಗೆ ಪತ್ರ ಬರೆದು, ಕ್ರ್ಯಾಶ್ ಗಾರ್ಡ್ ಅಥವಾ ಬುಲ್ ಬಾರ್ ಅಳವಡಿಸುವುದು ಕಾಯ್ದೆಯ ಉಲ್ಲಂಘನೆಯೆಂದೂ ಪಾದಚಾರಿಗಳಿಗೂ ಗಾಡಿಯಲ್ಲಿ ಕುಳಿತವರಿಗೂ ಅಪಾಯಕಾರಿಯೆಂದೂ ತಿಳಿಸಿ, ಕಟ್ಟುನಿಟ್ಟಿನ ಕ್ರಮಕ್ಕೆ ಸೂಚಿಸಿತು. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 52ನೇ ಕಲಮನ್ನು ಬಿಗಿಯಾಗಿ ಅರ್ಥೈಸಿ, ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಡಿಗೆ ಅವಕಾಶವಿಲ್ಲವೆಂದು ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಕಲಮು ಸೇರಿತು. ಅದರ ನಾಲ್ಕನೇ ಉಪಕಲಮು, ಅನುಮತಿಯಿಲ್ಲದ ರೀತಿಯಲ್ಲಿ ಬಿಡಿಭಾಗ ಕೂಡಿಸಿ ಗಾಡಿ ಮಾರ್ಪಡಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಬಹುದೆಂದು ಹೇಳುತ್ತದೆ.

ದೊಡ್ಡ ಮೊತ್ತ ಬರುವುದು ಇಲ್ಲಿಂದ. 500 ರೂಪಾಯಿಯ ಮೂಲ 177ನೇ ಕಲಮು. ಬೇರೆ ಯಾವ ನಿರ್ದಿಷ್ಟ ಶಿಕ್ಷೆಯೂ ಹೇಳಿಲ್ಲದ ಉಲ್ಲಂಘನೆಗಳಿಗೆ ಮೊದಲ ಸಲ 500 ರೂಪಾಯಿವರೆಗೆ, ಮರುಕಳಿಸಿದರೆ 1,500 ರೂಪಾಯಿವರೆಗೆ ದಂಡ ಹಾಕುವ ಸಾಮಾನ್ಯ ಕಲಮು ಅದು. 2024ರ ದೀಪದ ಕಾರ್ಯಾಚರಣೆಗೆ ಪೊಲೀಸರು ಆಧಾರವಾಗಿ ಹೇಳಿದ್ದೂ ಇದನ್ನೇ. ಹೀಗಾಗಿ ತಪಾಸಣೆ ಮಾಡುವ ಅಧಿಕಾರಿ ಅದೇ ಗಾಡಿಯನ್ನು ನಿಲ್ಲಿಸಿ ದೀಪಕ್ಕೆಂದು ಒಂದು ಕಲಮು, ಗಾರ್ಡಿಗೆಂದು ಇನ್ನೊಂದು ಕಲಮು ಹಚ್ಚಬಹುದು. ಚೀಟಿಯಲ್ಲಿ ಯಾವ ಕಲಮು ಬರೆದಿದೆ ಎಂಬುದನ್ನು ನೋಡದೆ ಮೊತ್ತವನ್ನಷ್ಟೇ ಹೋಲಿಸಿದರೆ ಅನ್ಯಾಯವಾದಂತೆ ಕಾಣುವುದು ಸಹಜ.

ಎದುರು ವಾದ ಮತ್ತು ಅದರ ತೂಕ

ಬಿಡಿಭಾಗ ತಯಾರಕರ ಮತ್ತು ಹಲವು ಮಾಲೀಕರ ವಾದಕ್ಕೂ ಕಾನೂನಿನ ಆಧಾರವಿದೆ. 52ನೇ ಕಲಮಿನ ವಿವರಣೆಯಲ್ಲಿ, ವಾಹನದ ಮೂಲ ಲಕ್ಷಣವೇ ಬದಲಾಗುವಂತೆ ಅದರ ರಚನೆಯಲ್ಲಿ ಮಾಡುವ ಬದಲಾವಣೆಗೆ ಮಾತ್ರ ಮಾರ್ಪಾಡು ಎನ್ನಬೇಕೆಂದಿದೆ. ನಾಲ್ಕು ಬೋಲ್ಟ್ ಬಿಚ್ಚಿದರೆ ಕೈಗೆ ಬರುವ ಗಾರ್ಡ್ ಗಾಡಿಯ ರಚನೆಯನ್ನು ಬದಲಿಸಿದಂತೆ ಹೇಗಾಗುತ್ತದೆ ಎಂದು ಅವರು ಕೇಳುತ್ತಾರೆ. ಲಗೇಜ್ ಕ್ಯಾರಿಯರ್‌ಗೆ ಇಲ್ಲದ ಆಕ್ಷೇಪ ಗಾರ್ಡಿಗೆ ಮಾತ್ರ ಏಕೆ ಎಂಬುದು ಅದರ ಮುಂದುವರಿಕೆ.

ಅಕ್ಷರಕ್ಕೆ ಅಂಟಿಕೊಂಡು ನೋಡಿದರೆ ಈ ವಾದವನ್ನು ಸುಲಭವಾಗಿ ತಳ್ಳಿಹಾಕಲಾಗದು. ಆದರೆ ಗಾಡಿಯ ಮುಂಭಾಗವೆಂದರೆ ಡಿಕ್ಕಿಯ ಪರೀಕ್ಷೆಯನ್ನು ಲೆಕ್ಕದಲ್ಲಿಟ್ಟು ರೂಪಿಸಿದ ಭಾಗ. ಅಲ್ಲಿ ಚಾಸಿಯ (ಗಾಡಿಯ ಅಡಿಚೌಕಟ್ಟಿನ) ತುದಿಗೇ ಬೋಲ್ಟ್ ಮಾಡಿದ ಉಕ್ಕಿನ ಚೌಕಟ್ಟು ಬಿಚ್ಚಲು ಬರುವಂಥದ್ದೇ ಆದರೂ, ಇದ್ದಷ್ಟು ಹೊತ್ತು ಗಾಡಿಯ ಗುಣವನ್ನೇ ಬದಲಿಸುತ್ತದೆ. ಈ ಕಾರಣಕ್ಕೆ ಸಚಿವಾಲಯದ ನಿಲುವೇ ಹೆಚ್ಚು ಸಮರ್ಥನೀಯ. ಲೋಪವಿರುವುದು ಜಾರಿಯಲ್ಲಿ. ಮಾರುವವನನ್ನೂ ಕೂಡಿಸುವವನನ್ನೂ ಯಾರೂ ಕೇಳುವುದಿಲ್ಲ. ಭಾರವೆಲ್ಲ ಕೊನೆಗೆ ಮಾಲೀಕನ ಮೇಲೆ ಬೀಳುತ್ತದೆ. ಅಂಗಡಿಯಲ್ಲಿ ಸಿಗುವುದೆಲ್ಲ ಸಕ್ರಮವೆಂದು ನಂಬಿ ಹಣ ಕೊಟ್ಟವನಿಗೆ ರಸ್ತೆಯಲ್ಲಿ ಮೊದಲ ಬಾರಿಗೆ ಕಾನೂನು ಪರಿಚಯವಾಗುವ ಈ ವ್ಯವಸ್ಥೆ ನ್ಯಾಯವಾದದ್ದಲ್ಲ.

ಡಿಕ್ಕಿಯಾದಾಗ ಬಲ ಹೋಗುವುದೆಲ್ಲಿಗೆ

ಗಂಟೆಗೆ 60 ಕಿಲೋಮೀಟರ್ ವೇಗದ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತಿರುತ್ತದೆ. ಅದು ನಿಲ್ಲುವಾಗ ಅದರ ಚಲನಶಕ್ತಿ ಎಲ್ಲಾದರೂ ಖರ್ಚಾಗಲೇಬೇಕು. ಬಂಪರ್, ಅದರ ಹಿಂದಿನ ಬೀಮ್, ಚಾಸಿಯ ಮುಂತುದಿ ಇವು ಒಂದಾದ ಮೇಲೊಂದು ಮಡಿಸಿಕೊಂಡು ಆ ಶಕ್ತಿಯನ್ನು ನುಂಗಿದರೆ ಕುಳಿತವರ ದೇಹಕ್ಕೆ ತಾಗುವ ಹೊಡೆತ ತುಸು ಹೆಚ್ಚು ಕಾಲಕ್ಕೆ ಹಂಚಿಹೋಗುತ್ತದೆ. ಗಟ್ಟಿಯಾದ ಗಾರ್ಡ್ ಈ ಸರಣಿಯ ಮೊದಲ ಕೊಂಡಿಗಳನ್ನು ಹಾರಿಸಿ ಹೊಡೆತವನ್ನು ನೇರವಾಗಿ ಚಾಸಿಗೆ ದಾಟಿಸುತ್ತದೆ. ಗ್ರಿಲ್ ಒಡೆಯದೆ ಉಳಿದದ್ದನ್ನು ನೋಡಿ ಗಾರ್ಡ್ ಕಾಪಾಡಿತು ಎಂದುಕೊಳ್ಳುತ್ತೇವೆ. ಆದರೆ ಬಂಪರ್ ಬದಲಿಸಿ ಮುಗಿಸಬಹುದಾಗಿದ್ದ ಜಾಗದಲ್ಲಿ ಚಾಸಿ ಸೊಟ್ಟಗಾಗಿರುವುದು ಟೈರು ಒಂದೇ ಬದಿಗೆ ಸವೆಯತೊಡಗಿದ ಮೇಲೆ ಗೊತ್ತಾಗುತ್ತದೆ.

ಏರ್‌ಬ್ಯಾಗ್ ಇರುವ ಪಿಕಪ್‌ಗಳಲ್ಲಿ ಇನ್ನೊಂದು ತೊಡಕಿದೆ. ಗಾಡಿಯ ವೇಗ ಎಷ್ಟು ಬೇಗ ಕುಸಿಯುತ್ತದೆ ಎಂಬುದನ್ನು ಸಂವೇದಕಗಳು ಅಳೆದು, ಏರ್‌ಬ್ಯಾಗ್ ಅರಳಬೇಕೇ ಬೇಡವೇ ಎಂಬುದನ್ನು ಕ್ಷಣಾರ್ಧದಲ್ಲಿ ತೀರ್ಮಾನಿಸುತ್ತವೆ. ಆ ಲೆಕ್ಕವನ್ನು ತಯಾರಕರು ಗಾರ್ಡ್ ಇಲ್ಲದ ಗಾಡಿಯ ಪರೀಕ್ಷೆಯಿಂದ ಕಟ್ಟಿರುತ್ತಾರೆ. ಮುಂಭಾಗ ಬಿಗಿಯಾದಾಗ ಆ ಕುಸಿತದ ರೀತಿಯೇ ಬದಲಾಗುತ್ತದೆ. ಅರಳಬೇಕಾದಾಗ ತಡವಾಗಿ ಅರಳಬಹುದು, ಸಣ್ಣ ತಾಗುವಿಕೆಗೇ ಅರಳಿಬಿಡಲೂಬಹುದು.

ದನ ಅಡ್ಡ ಬಂದರೆ ಗಾರ್ಡ್ ಬೇಕಾಗುತ್ತದೆ ಎಂಬ ಮಾತನ್ನೂ ಪರಿಶೀಲಿಸಬೇಕು. ಬೆಳೆದ ಎಮ್ಮೆಯ ತೂಕ 400–500 ಕಿಲೋ ಇರುತ್ತದೆ ಮತ್ತು ಆ ತೂಕವೆಲ್ಲ ಕಾಲುಗಳ ಮೇಲ್ಗಡೆ ಇರುತ್ತದೆ. ಬಂಪರ್ ಮಟ್ಟದ ಕಂಬಿ ಕಾಲಿಗೆ ಬಡಿದಾಗ ದೇಹ ಬಾನೆಟ್ಟಿನ ಮೇಲಿಂದ ಗಾಜಿನತ್ತ ಉರುಳುತ್ತದೆ. ಅದನ್ನು ತಡೆಯುವಷ್ಟು ಎತ್ತರದ, ಗಟ್ಟಿಯಾದ ಗಾರ್ಡ್ ಹಾಕಿದರೆ ಮನುಷ್ಯನಿಗೆ ತಾಗಿದಾಗ ಅದು ಇನ್ನಷ್ಟು ಘೋರ.

ಈ ಕೊನೆಯ ಅಂಶಕ್ಕೆ ನಮ್ಮಲ್ಲಿ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಬಾಗುವ ಬಾನೆಟ್ ಮತ್ತು ಪ್ಲಾಸ್ಟಿಕ್ ಬಂಪರ್‌ನ ಅಗಲವಾದ ಮೈಗೆ ತಾಗುವುದಕ್ಕೂ ಎರಡು–ಮೂರು ಇಂಚಿನ ಉಕ್ಕಿನ ಕೊಳವೆಗೆ ತಾಗುವುದಕ್ಕೂ ಬಹಳ ಅಂತರವಿದೆ. ಪೆಟ್ಟೆಲ್ಲ ಸಣ್ಣ ಜಾಗದಲ್ಲಿ ಕೂಡುತ್ತದೆ. ಆ ಕೊಳವೆಯ ಎತ್ತರ ದೊಡ್ಡವರ ತೊಡೆ–ಸೊಂಟಕ್ಕೆ, ಮಕ್ಕಳ ಎದೆ–ತಲೆಗೆ ಸರಿಯಾಗಿರುತ್ತದೆ. ಗಾಣಗಾಪುರಕ್ಕೆ, ಯಾದಗಿರಿಯ ಮೈಲಾಪುರಕ್ಕೆ, ಯುಗಾದಿಯ ಮುಂಚೆ ಶ್ರೀಶೈಲದ ಕಡೆಗೆ ಜನ ಗುಂಪುಗುಂಪಾಗಿ ರಸ್ತೆಯ ಅಂಚು ಹಿಡಿದು ನಡೆಯುವ ಪ್ರದೇಶವಿದು. ಹೊಲದ ಕೆಲಸ ಮುಗಿಸಿ ಮಬ್ಬುಗತ್ತಲಲ್ಲಿ ಮರಳುವ ಹೆಣ್ಣುಮಕ್ಕಳು, ಹೆಲ್ಮೆಟ್ಟಿಲ್ಲದ ಬೈಕ್ ಸವಾರರು, ಶಾಲೆಯ ಮಕ್ಕಳು ಇದೇ ರಸ್ತೆಯಲ್ಲಿದ್ದಾರೆ. ಗಾಡಿಯ ರಿಪೇರಿ ಖರ್ಚು ಉಳಿಸಲು ಹಾಕಿದ ಕಬ್ಬಿಣದ ಬೆಲೆಯನ್ನು ಅವರ ಮೈ ತೆರಬೇಕಾಗುತ್ತದೆ. ಗಾರ್ಡಿನ ವಿರುದ್ಧ ಇದಕ್ಕಿಂತ ದೊಡ್ಡ ಕಾರಣ ಬೇಕಾಗಿಲ್ಲ.

ಹೊರದೇಶಗಳು ಇದನ್ನು ಪೂರ್ಣ ನಿಷೇಧದಿಂದಲ್ಲದೆ ಮಾನದಂಡದ ಮೂಲಕ ನಿಭಾಯಿಸಿವೆ. ಯುರೋಪಿಯನ್ ಒಕ್ಕೂಟ 2005ರ ನಿರ್ದೇಶನದಿಂದ ಆರಂಭಿಸಿ ತಂದ ನಿಯಮಗಳಂತೆ ಅಲ್ಲಿ ಮಾರುವ ಮುಂಭಾಗದ ಗಾರ್ಡ್‌ಗಳು ಪಾದಚಾರಿ ಸುರಕ್ಷತೆಯ ಪರೀಕ್ಷೆ ಗೆಲ್ಲಬೇಕು. ಕಾಂಗರೂಗಳ ಕಾಟವಿರುವ ಆಸ್ಟ್ರೇಲಿಯಾದಲ್ಲಿ ಗಾರ್ಡ್‌ಗಳಿಗೆಂದೇ ಪ್ರತ್ಯೇಕ ರಾಷ್ಟ್ರೀಯ ಮಾನದಂಡವಿದೆ. ನಮ್ಮ ವೆಲ್ಡಿಂಗ್ ಅಂಗಡಿಗಳಲ್ಲಿ ಕಣ್ಣಳತೆಯಲ್ಲಿ ಬೆಸೆದು ಕೊಡುವ ಗಾರ್ಡಿಗೆ ಅಂಥ ಯಾವ ಪರೀಕ್ಷೆಯೂ ಆಗಿರುವುದಿಲ್ಲ. ಆಸ್ಟ್ರೇಲಿಯಾದ ಉದಾಹರಣೆ ಕೊಟ್ಟು ಇಲ್ಲಿನದನ್ನು ಸಮರ್ಥಿಸುವುದು ಆದ್ದರಿಂದ ಹೊಂದುವುದಿಲ್ಲ.

ಮುಂದಿನ ಅಚ್ಚಿನ ಮೇಲೆ ಬೀಳುವ ಹೊರೆ

ತೂಕದ ಪರಿಣಾಮವೂ ಕಾಣುವುದಕ್ಕಿಂತ ಹೆಚ್ಚು. 50 ಕಿಲೋ ಗಾರ್ಡನ್ನು ಮುಂದಿನ ಅಚ್ಚಿನಿಂದ 90 ಸೆಂಟಿಮೀಟರ್ ಮುಂದಕ್ಕೆ ಕೂಡಿಸಲಾಗಿದೆ, ಗಾಡಿಯ ಎರಡು ಅಚ್ಚುಗಳ ನಡುವೆ 3 ಮೀಟರ್ ಅಂತರವಿದೆ ಎಂದು ಇಟ್ಟುಕೊಳ್ಳೋಣ. ಭಾರ ಅಚ್ಚಿನಿಂದಾಚೆ ತೂಗುತ್ತಿರುವುದರಿಂದ ಮುಂದಿನ ಚಕ್ರಗಳ ಮೇಲೆ 65 ಕಿಲೋ ಹೆಚ್ಚಾಗಿ, ಹಿಂದಿನ ಚಕ್ರಗಳಿಂದ 15 ಕಿಲೋ ಕಡಿಮೆಯಾಗುತ್ತದೆ. ಸರಕು ಇಳಿಸಿ ಬರಿದಾದ ಪಿಕಪ್‌ನ ಹಿಂಭಾಗ ಮೊದಲೇ ಹಗುರ. ಮಳೆಯಲ್ಲಿ ಗಟ್ಟಿಯಾಗಿ ಬ್ರೇಕ್ ಒತ್ತಿದರೆ ಹಿಂದಿನ ಚಕ್ರಗಳು ಜಾರುವ ಸಾಧ್ಯತೆ ಹೀಗೆ ಇನ್ನಷ್ಟು ಹೆಚ್ಚುತ್ತದೆ. ಗ್ರಿಲ್ ಮುಂದೆ ಉದ್ದನೆಯ ಎಲ್‌ಇಡಿ ಪಟ್ಟಿಯೂ ಬಂದರೆ ರೇಡಿಯೇಟರ್‌ಗೆ ಹೋಗುವ ಗಾಳಿಗೆ ಅಡ್ಡಿಯಾಗುತ್ತದೆ. ಬೇಸಿಗೆಯಲ್ಲಿ 42–43 ಡಿಗ್ರಿ ಮುಟ್ಟುವ ಕಲಬುರಗಿಯಲ್ಲಿ ಇದು ಸಣ್ಣ ವಿಷಯವಲ್ಲ.

ದೀಪದ ವಿಷಯ ಬೇರೆಯೇ

ಹೆಚ್ಚುವರಿ ದೀಪವನ್ನು ಕಾನೂನು ಸಾರಾಸಗಟಾಗಿ ನಿಷೇಧಿಸಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 106ನೇ ನಿಯಮ ಕೇಳುವುದು ಎದುರಿನವರ ಕಣ್ಣು ಕತ್ತಲಾಗಬಾರದು ಎಂಬುದನ್ನು. ದೀಪದಿಂದ 8 ಮೀಟರ್ ದೂರದಲ್ಲಿ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಣ್ಣಿರುವ ವ್ಯಕ್ತಿಗೆ ಅದು ಕುಕ್ಕದಂತೆ ಬೆಳಕು ಕೆಳಮುಖವಾಗಿರಬೇಕು ಅಥವಾ ಚಾಲಕ ಅದನ್ನು ಹಾಗೆ ಇಳಿಸುವಂತಿರಬೇಕು. 111ನೇ ನಿಯಮದ ಪ್ರಕಾರ ನೋಂದಣಿ ಅಧಿಕಾರಿಯ ಪೂರ್ವಾನುಮತಿಯಿಲ್ಲದೆ ಗಾಡಿಯ ಮುಂದೆ ಸ್ಪಾಟ್ ಲೈಟ್ ಅಥವಾ ಸರ್ಚ್ ಲೈಟ್ ಹಾಕುವಂತಿಲ್ಲ. ತಯಾರಕರೇ ಕೊಟ್ಟ, ಬಂಪರ್‌ನಲ್ಲಿ ಕೆಳಗೆ ಕೂತ ಎರಡು ಫಾಗ್ ಲೈಟ್‌ಗಳು ಅನುಮೋದಿತ ವಿನ್ಯಾಸದ ಭಾಗವಾದ್ದರಿಂದ ಅವಕ್ಕೆ ತಕರಾರಿಲ್ಲ. ಟಾಪಿನ ಮೇಲೆ ಕೂಡಿಸುವ, ದೂರಕ್ಕೆ ಚೂಪಾಗಿ ಹೊಡೆಯುವ ಎಲ್‌ಇಡಿ ಪಟ್ಟಿ ಈ ಎರಡೂ ನಿಯಮಗಳಿಗೆ ಸಿಕ್ಕಿಬೀಳುತ್ತದೆ.

ಕುಕ್ಕುವ ಬೆಳಕು ಎಷ್ಟು ಅಪಾಯಕಾರಿ ಎಂಬುದಕ್ಕೆ ಸಣ್ಣ ಲೆಕ್ಕ ಸಾಕು. ಪ್ರಖರ ಬೆಳಕು ಕಣ್ಣಿಗೆ ಬಿದ್ದ ಮೇಲೆ ಮತ್ತೆ ಕತ್ತಲಿಗೆ ಹೊಂದಿಕೊಳ್ಳಲು ಕೆಲವು ಸೆಕೆಂಡು ಬೇಕು, ವಯಸ್ಸಾದವರಿಗೆ ಇನ್ನೂ ಹೆಚ್ಚು. 60 ಕಿಲೋಮೀಟರ್ ವೇಗದಲ್ಲಿ ಮೂರು ಸೆಕೆಂಡೆಂದರೆ 50 ಮೀಟರ್. ಎದುರಿನ ಚಾಲಕ ಅಷ್ಟು ದೂರವನ್ನು ಹೆಚ್ಚುಕಡಿಮೆ ಏನೂ ಕಾಣದೆ ಕ್ರಮಿಸುತ್ತಾನೆ, ಮತ್ತು ಆ 50 ಮೀಟರಿನೊಳಗೆ ದೀಪವಿಲ್ಲದ ಟ್ರೇಲರ್ ನಿಂತಿದ್ದರೆ ಅವನಿಗೆ ಉಳಿಯುವ ದಾರಿಯಿಲ್ಲ. ಒಬ್ಬ ಹೆಚ್ಚು ಬೆಳಕು ಹಾಕಿಸಿದನೆಂದು ಎದುರಿನವನೂ ಹಾಕಿಸುತ್ತಾನೆ. ಕೊನೆಗೆ ಇಬ್ಬರಿಗೂ ರಸ್ತೆ ಕಾಣುವುದಿಲ್ಲ.

ಇನ್ನು ಬೆಳಕಿನ ನಿಜವಾದ ಅಗತ್ಯದ ಬಗ್ಗೆ. 80 ಕಿಲೋಮೀಟರ್ ವೇಗದಲ್ಲಿ ಅಪಾಯ ಕಂಡು ಬ್ರೇಕ್ ಒತ್ತುವ ಹೊತ್ತಿಗೇ ಗಾಡಿ ಸುಮಾರು 33 ಮೀಟರ್ ಸಾಗಿರುತ್ತದೆ. ಒಣ ರಸ್ತೆಯಲ್ಲಿ, ಒಳ್ಳೆಯ ಬ್ರೇಕಿದ್ದರೂ ನಿಲ್ಲಲು ಇನ್ನೂ 40 ಮೀಟರ್ ಬೇಕು. ತುಂಬಿದ ಗಾಡಿಗೆ ಅದಕ್ಕೂ ಹೆಚ್ಚು. ಡಿಪ್ ಬೆಳಕು ಅಷ್ಟು ದೂರ ಚೆನ್ನಾಗಿ ತೋರಿಸುವುದಿಲ್ಲ. ಆದ್ದರಿಂದ ಖಾಲಿ ರಸ್ತೆಯಲ್ಲಿ ಹೈ ಬೀಮ್ ಬೇಕು, ಎದುರು ಗಾಡಿ ಕಂಡೊಡನೆ ಡಿಪ್ ಮಾಡಬೇಕು ಮತ್ತು ಡಿಪ್‌ನಲ್ಲಿದ್ದಾಗ ವೇಗ ಇಳಿಸಬೇಕು. ಹೆಚ್ಚುವರಿ ದೀಪಕ್ಕೆ ತನ್ನದೇ ಬೇರೆ ಸ್ವಿಚ್ ಕೊಟ್ಟುಬಿಟ್ಟರೆ, ಡಿಪ್ ಮಾಡಿದರೂ ಅದು ಉರಿಯುತ್ತಲೇ ಇರುತ್ತದೆ. ನಮ್ಮ ರಸ್ತೆಗಳ ಕಿರುಕುಳದ ಬಹುಪಾಲು ಈ ಒಂದು ತಂತಿಯ ತಪ್ಪಿನಿಂದ ಬಂದದ್ದು.

ಹ್ಯಾಲೋಜನ್ ಬಲ್ಬಿಗೆಂದು ಮಾಡಿದ ಹೆಡ್‌ಲೈಟಿನಲ್ಲಿ ಎಲ್‌ಇಡಿ ಬಲ್ಬ್ ತುರುಕುವುದೂ ಅಷ್ಟೇ ಕೆಟ್ಟದ್ದು. ಹೆಡ್‌ಲೈಟಿನ ಪ್ರತಿಫಲಕದ ಬಾಗು ಹ್ಯಾಲೋಜನ್ ತಂತು ಇರುವ ನಿಖರ ಜಾಗಕ್ಕೆ ಲೆಕ್ಕ ಹಾಕಿ ಮಾಡಿದ್ದು. ಬೆಳಕು ಹೊಮ್ಮುವ ಜಾಗ ತುಸು ಬದಲಾದರೂ ಕಿರಣಗಳು ರಸ್ತೆ ಬಿಟ್ಟು ಮೇಲಕ್ಕೆ ಚೆದುರುತ್ತವೆ. ಚಾಲಕನಿಗೆ ಮುಂದೆಲ್ಲ ಬೆಳ್ಳಗೆ ಕಾಣುತ್ತದೆ, ಆದರೆ ದೂರದ ನೋಟ ಮೊದಲಿಗಿಂತ ಕಡಿಮೆಯಾಗಿರುತ್ತದೆ.

ಯಾರೂ ಹೆಚ್ಚಾಗಿ ಹೇಳದ ಇನ್ನೊಂದು ಕಾರಣ ಪಿಕಪ್‌ನ ಹೊರೆ. ಹಿಂದೆ ಚೀಲ ತುಂಬಿದಾಗ ಪಾಟಾಗಳು (ಸ್ಪ್ರಿಂಗ್ ಪಟ್ಟಿಗಳು) ತಗ್ಗಿ ಮೂತಿ ಮೇಲೇಳುತ್ತದೆ. ಬರೀ ಒಂದು ಡಿಗ್ರಿ ಮೇಲಾದರೂ 50 ಮೀಟರ್ ದೂರದಲ್ಲಿ ಬೆಳಕು ಸುಮಾರು 87 ಸೆಂಟಿಮೀಟರ್ ಎತ್ತರಕ್ಕೆ ಏರಿರುತ್ತದೆ. ರಸ್ತೆಗೆ ಬೀಳಬೇಕಾದದ್ದು ಎದುರಿನ ಬೈಕ್ ಸವಾರನ ಮುಖಕ್ಕೆ ಬೀಳುತ್ತದೆ. ಕಂಪನಿಯ ದೀಪವೇ ಇದ್ದರೂ ಹೀಗಾಗುತ್ತದೆ. ಹಲವು ಗಾಡಿಗಳ ಡ್ಯಾಶ್‌ಬೋರ್ಡಿನಲ್ಲಿ ಅಂಕಿ ಬರೆದ ಚಿಕ್ಕ ತಿರುಗಣೆ ಇರುವುದು ಇದಕ್ಕಾಗಿಯೇ. ಹೊರೆ ಹೆಚ್ಚಿದಂತೆ ಅಂಕಿ ಏರಿಸಿದರೆ ಬೆಳಕು ಕೆಳಗಿಳಿಯುತ್ತದೆ. ಅದನ್ನು ಒಮ್ಮೆಯೂ ಮುಟ್ಟದ ಚಾಲಕರೇ ಹೆಚ್ಚು.

ವೈರಿಂಗ್, ವಿಮೆ, ಎಫ್‌ಸಿ

55 ವ್ಯಾಟಿನ ಎರಡು ದೀಪಗಳು 12 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ಎಳೆಯುತ್ತವೆ. ಆ ವಿದ್ಯುತ್ತು ಹೆಡ್‌ಲೈಟಿನ ಹಳೆಯ ತಂತಿಯಲ್ಲೋ ಡ್ಯಾಶ್‌ಬೋರ್ಡಿನ ಪುಟ್ಟ ಸ್ವಿಚ್ಚಿನಲ್ಲೋ ಹರಿದರೆ ತಂತಿ ಬಿಸಿಯಾಗಿ ಹೊದಿಕೆ ಕರಗುತ್ತದೆ, ಬೆಂಕಿಯೂ ಹತ್ತಬಹುದು. ಬ್ಯಾಟರಿಯ ಹತ್ತಿರವೇ ಫ್ಯೂಸ್, ಅಲ್ಲಿಂದ ಸರಿಯಾದ ದಪ್ಪದ ತಂತಿ, ನಡುವೆ ರಿಲೇ (ಸಣ್ಣ ವಿದ್ಯುತ್ತಿನಿಂದ ದೊಡ್ಡ ವಿದ್ಯುತ್ತನ್ನು ಹಚ್ಚಿ ಆರಿಸುವ ಸ್ವಿಚ್ಚು) ಇರಬೇಕು. ಆ ರಿಲೇಗೆ ಚಾಲನೆ ಹೈ ಬೀಮ್ ತಂತಿಯಿಂದ ಸಿಗುವಂತೆ ಜೋಡಿಸಿದರೆ ಡಿಪ್ ಮಾಡಿದೊಡನೆ ಹೆಚ್ಚುವರಿ ದೀಪ ತಾನಾಗಿ ಆರುತ್ತದೆ.

ಆದರೆ ವೈರಿಂಗ್ ಎಷ್ಟೇ ಅಚ್ಚುಕಟ್ಟಾಗಿದ್ದರೂ ವಿಮೆಯವರಿಗೆ ತಿಳಿಸದೆ ಮಾಡಿದ ಬದಲಾವಣೆ ಸ್ವಂತ ಗಾಡಿಯ ನಷ್ಟದ ಕ್ಲೇಮಿನಲ್ಲಿ ತಕರಾರಿಗೆ ದಾರಿ ಮಾಡಬಹುದು, ಮುಖ್ಯವಾಗಿ ಬೆಂಕಿಯ ಮೂಲ ಹೊರಗಿನ ವೈರಿಂಗ್ ಎಂದು ಸರ್ವೇಯರ್ ಬರೆದರೆ. ಹಳದಿ ಬೋರ್ಡಿನ ಗಾಡಿಗಳಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಅದಾದ ಮೇಲೆ ಪ್ರತಿ ವರ್ಷ ಗಾಡಿಯ ಯೋಗ್ಯತಾ ಪರೀಕ್ಷೆಯಾದ ಎಫ್‌ಸಿ ಆಗಬೇಕು. ಆ ದಿನಕ್ಕೆ ಮಾತ್ರ ಗಾರ್ಡ್ ಬಿಚ್ಚಿ ಮರುದಿನ ಕೂಡಿಸಿದರೆ ಕಾಗದ ಸರಿಹೋಗುತ್ತದೆ, ರಸ್ತೆಯ ಅಪಾಯ ಇದ್ದಲ್ಲೇ ಇರುತ್ತದೆ.

ಮುಂದಿನ ದಿನಗಳಲ್ಲಿ

ಎಫ್‌ಸಿ ಪರೀಕ್ಷೆ ಹಂತಹಂತವಾಗಿ ಸ್ವಯಂಚಾಲಿತ ಕೇಂದ್ರಗಳಿಗೆ ಸಾಗುತ್ತಿದೆ. ಅಲ್ಲಿ ಹೆಡ್‌ಲೈಟಿನ ಪ್ರಖರತೆಯನ್ನೂ ದಿಕ್ಕನ್ನೂ ಯಂತ್ರವೇ ಅಳೆಯುವುದರಿಂದ ದೀಪದ ವಿಷಯದಲ್ಲಿ ಮಾತಿನ ಹೊಂದಾಣಿಕೆಗೆ ಜಾಗ ಕಡಿಮೆಯಾಗಲಿದೆ. ರಸ್ತೆಯ ತಪಾಸಣೆಗೆ ಈ ಮಾತು ಅನ್ವಯಿಸುವುದಿಲ್ಲ. ಮೂರು ರಾಜ್ಯಗಳ ಗಾಡಿಗಳು ಓಡಾಡುವ ಹುಮನಾಬಾದ್, ಬಸವಕಲ್ಯಾಣ, ಭಾಲ್ಕಿ ಸುತ್ತಿನ ರಸ್ತೆಗಳಲ್ಲಿ ಒಂದು ಜಿಲ್ಲೆಯಲ್ಲಿ ಬಿಗಿ, ಗಡಿ ದಾಟಿದರೆ ಸಡಿಲ ಎಂಬ ಸ್ಥಿತಿ ಇದ್ದಷ್ಟು ದಿನ ಕಾನೂನು ಕೇವಲ ದುರದೃಷ್ಟದಂತೆ ತೋರುತ್ತದೆ.

ಪಿಕಪ್‌ಗಳ ದೀಪ ತಗ್ಗಿಸಲು ಹೇಳುವ ಆಡಳಿತ, ಆ ದೀಪ ಹುಡುಕುತ್ತಿರುವ ಟ್ರೇಲರ್‌ಗಳಿಗೂ ಅಷ್ಟೇ ಬಿಗಿಯಾಗಬೇಕು. ಕಬ್ಬಿನ ಹಂಗಾಮಿನಲ್ಲಿ ಎಲ್ಲ ಟ್ರೇಲರ್‌ಗಳೂ ಸಕ್ಕರೆ ಕಾರ್ಖಾನೆಯ ತೂಕದ ಸೇತುವೆ (ವೇಬ್ರಿಡ್ಜ್) ದಾಟಿಯೇ ಹೋಗುತ್ತವೆ. ಹಿಂದೆ ಪ್ರತಿಫಲಕ ಪಟ್ಟಿ ಇಲ್ಲದ ಟ್ರೇಲರ್ ಅನ್ನು ಅಲ್ಲೇ ನಿಲ್ಲಿಸಿ, ಪಟ್ಟಿ ಅಂಟಿಸಿದ ಮೇಲಷ್ಟೇ ತೂಕಕ್ಕೆ ಬಿಡುವುದು ಹೆದ್ದಾರಿಯಲ್ಲಿ ರಾತ್ರಿಯಿಡೀ ಗಾಡಿ ತಡೆಯುವುದಕ್ಕಿಂತ ಸುಲಭ ಮತ್ತು ಅಗ್ಗ. ಗಾರ್ಡ್ ವಿಷಯದಲ್ಲೂ ಬೆಸೆದು ಕೊಡುವ ಅಂಗಡಿಗೆ ಮೊದಲು ನೋಟಿಸ್ ಹೋಗಬೇಕು, ಆಮೇಲೆ ಮಾಲೀಕನಿಗೆ ದಂಡ.

ಈಗಾಗಲೇ ಗಾರ್ಡ್ ಇರುವವರು ಅದನ್ನು ಬಿಚ್ಚಿಸುವಾಗ ಬಂಪರ್‌ನ ಮೂಲ ಬೋಲ್ಟುಗಳು ಬಿಗಿಯಾಗಿವೆಯೇ, ಚಾಸಿಯಲ್ಲಿ ಕೊರೆದ ತೂತುಗಳಿಗೆ ತುಕ್ಕು ಹಿಡಿದಿದೆಯೇ ಎಂದು ನೋಡಿಸಬೇಕು. ಮುಂದಿನ ಭಾರ ಇಳಿದು ಮೂತಿ ತುಸು ಮೇಲೇಳುವುದರಿಂದ ಹೆಡ್‌ಲೈಟಿನ ದಿಕ್ಕನ್ನೂ ಮತ್ತೆ ಹೊಂದಿಸಬೇಕಾಗುತ್ತದೆ. ಸಮತಟ್ಟಾದ ಜಾಗದಲ್ಲಿ ಗೋಡೆಯಿಂದ 10 ಮೀಟರ್ ದೂರ ಗಾಡಿ ನಿಲ್ಲಿಸಿ ಡಿಪ್ ಹಚ್ಚಿದಾಗ, ಗೋಡೆಯ ಮೇಲಿನ ಬೆಳಕಿನ ಮೇಲಂಚು ದೀಪದ ನಡುಮಟ್ಟಕ್ಕಿಂತ ಸುಮಾರು 10 ಸೆಂಟಿಮೀಟರ್ ಕೆಳಗಿರಬೇಕು. ದಿನವೂ ಹೊರುವಷ್ಟೇ ಸರಕನ್ನು ಹಿಂದೆ ಹೇರಿ ಇನ್ನೊಮ್ಮೆ ಇದನ್ನೇ ಅಳೆದರೆ, ಡ್ಯಾಶ್‌ಬೋರ್ಡಿನ ತಿರುಗಣೆ ಯಾವ ಅಂಕಿಯಲ್ಲಿರಬೇಕೆಂಬುದೂ ತಿಳಿಯುತ್ತದೆ.